ಯಾರ ಮನೆ, ಯಾವ ಕಾಗದ, ಯಾರ ಅಪ್ಪಣೆ: ಅಮೆರಿಕದ ನಾಲ್ಕನೆಯ ತಿದ್ದುಪಡಿಯ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನಕ್ಕೆ 1791ರ ಡಿಸೆಂಬರ್ 15ರಂದು ಒಟ್ಟಿಗೆ ಸೇರಿದ ಹತ್ತು ತಿದ್ದುಪಡಿಗಳಿಗೆ ಹಕ್ಕುಗಳ ಮಸೂದೆ ಎಂಬ ಹೆಸರು ನಿಂತಿದ್ದು, ಅವುಗಳಲ್ಲಿ ನಾಲ್ಕನೆಯದು ಇಂಗ್ಲಿಷಿನಲ್ಲಿ ಕೇವಲ 54 ಪದಗಳಷ್ಟು ಚಿಕ್ಕದು. ಜನರ ಶರೀರ, ಮನೆ, ಕಾಗದಪತ್ರ ಮತ್ತು ಸೊತ್ತುಗಳ ಮೇಲೆ ನ್ಯಾಯಸಮ್ಮತವಲ್ಲದ ಶೋಧನೆಯಾಗಲಿ ಜಪ್ತಿಯಾಗಲಿ ನಡೆಯಕೂಡದೆಂದು ಅದರ ಮೊದಲ ಭಾಗ ವಿಧಿಸುತ್ತದೆ. ಪ್ರಮಾಣ ಮಾಡಿ ಹೇಳಿದ ಸಾಕಷ್ಟು ಕಾರಣವಿಲ್ಲದೆ ಯಾವ ವಾರಂಟೂ ಹೊರಡಕೂಡದು, ಶೋಧಿಸಬೇಕಾದ ಸ್ಥಳವನ್ನೂ ವಶಪಡಿಸಿಕೊಳ್ಳಬೇಕಾದ ವ್ಯಕ್ತಿ ಅಥವಾ ವಸ್ತುವನ್ನೂ ವಾರಂಟಿನಲ್ಲಿ ನಿಖರವಾಗಿ ನಮೂದಿಸಿರಬೇಕು ಎಂಬುದು ಎರಡನೆಯ ಭಾಗ. ಅಮೆರಿಕದ ಸ್ಥಾಪಕರು ಸ್ವಾತಂತ್ರ್ಯ, ಸಮಾನತೆ, ಜನಸಮ್ಮತ ಆಡಳಿತಗಳ ಕುರಿತು ಬರೆದದ್ದರಲ್ಲಿ ಬಹುಪಾಲು ಘನವಾದ ಸಾಮಾನ್ಯ ಮಾತುಗಳಾದರೆ, ಈ ತಿದ್ದುಪಡಿ ಮಾತ್ರ ಒಬ್ಬ ಅಧಿಕಾರಿ ಒಂದು ಮನೆಯ ಬಾಗಿಲ ಮುಂದೆ ಬಂದು ನಿಂತಾಗ ಏನಾಗಬೇಕು ಎಂಬ ಅತ್ಯಂತ ಲೌಕಿಕವಾದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆದ್ದರಿಂದಲೇ ಸ್ಥಾಪಕರ ತತ್ತ್ವವೊಂದು ಇನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, ಅವರು ಕನಸಿನಲ್ಲೂ ಕಾಣದಿದ್ದ ಬದುಕಿಗೆ ಹೇಗೆ ಅನ್ವಯವಾಯಿತು, ಎಲ್ಲಿ ಅನ್ವಯವಾಗದೆ ಹೋಯಿತು ಎಂಬುದನ್ನು ಪರಿಶೀಲಿಸಲು ಇದಕ್ಕಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ.

ಈ ವಿಧಿಯ ಮೂಲವಿರುವುದು ತೆರಿಗೆಯ ಜಗಳದಲ್ಲಿ. ಬ್ರಿಟಿಷ್ ಪಾರ್ಲಿಮೆಂಟು 1733ರಲ್ಲಿ ಮಾಡಿದ ಕಾಯಿದೆಯೊಂದು, ಫ್ರೆಂಚ್ ಮೊದಲಾದ ಪರದೇಶದ ದ್ವೀಪಗಳಿಂದ ಅಮೆರಿಕದ ವಸಾಹತುಗಳಿಗೆ ಬರುವ ಕಾಕಂಬಿಯ ಮೇಲೆ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ಹೇರಿತ್ತು. ಕಾಕಂಬಿಯಿಂದ ರಮ್ ಬಟ್ಟಿ ಇಳಿಸುವುದು ನ್ಯೂ ಇಂಗ್ಲೆಂಡಿನ ದೊಡ್ಡ ಉದ್ಯಮವಾಗಿದ್ದು, ಈ ಸುಂಕವನ್ನು ಪ್ರಾಮಾಣಿಕವಾಗಿ ತೆತ್ತರೆ ಲಾಭವೇ ಉಳಿಯದಂತಿದ್ದುದರಿಂದ ಬಾಸ್ಟನ್ನಿನ ಅನೇಕ ಗಣ್ಯ ವರ್ತಕರು ಕಳ್ಳಸಾಗಣೆಯನ್ನೇ ನಿತ್ಯದ ವ್ಯಾಪಾರವನ್ನಾಗಿ ಮಾಡಿಕೊಂಡಿದ್ದರು. ಅದನ್ನು ತಡೆಯಲು ಸುಂಕದ ಅಧಿಕಾರಿಗಳ ಕೈಯಲ್ಲಿದ್ದ ಅಸ್ತ್ರವೇ ಸಹಾಯದ ಆಜ್ಞಾಪತ್ರ. ಅಧಿಕಾರಿಯ ಶೋಧನೆಗೆ ಕಾನ್‌ಸ್ಟೇಬಲರೂ ಪ್ರಜೆಗಳೂ ನೆರವಾಗಬೇಕೆಂದು ಆಜ್ಞಾಪಿಸುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಯಾರ ಮನೆ, ಯಾವ ಸರಕು, ಯಾವ ಅನುಮಾನ ಎಂಬ ಒಂದು ವಿವರವೂ ಅದರಲ್ಲಿರುತ್ತಿರಲಿಲ್ಲ. ಒಮ್ಮೆ ಕೈಗೆ ಬಂದರೆ ಆಳುವ ದೊರೆ ಬದುಕಿರುವವರೆಗೂ, ಅವನು ಸತ್ತ ಮೇಲೆ ಆರು ತಿಂಗಳವರೆಗೂ ಅದು ನಡೆಯುತ್ತಿತ್ತು.

ಎರಡನೆಯ ಜಾರ್ಜ್ ದೊರೆ 1760ರ ಅಕ್ಟೋಬರ್ 25ರಂದು ತೀರಿಕೊಂಡ ಸುದ್ದಿ ಡಿಸೆಂಬರ್ ಕೊನೆಯಲ್ಲಿ ಬಾಸ್ಟನ್ ತಲುಪಿದಾಗ ಹಳೆಯ ಆಜ್ಞಾಪತ್ರಗಳ ಅವಧಿ ಮುಗಿಯುವ ದಿನ ಹತ್ತಿರವಾಯಿತು. ಹೊಸ ಪತ್ರಗಳಿಗೆ ಅಧಿಕಾರಿಗಳು ಮಾಡಿಕೊಂಡ ಕೋರಿಕೆಯನ್ನು ನಗರದ 63 ವರ್ತಕರು ವಿರೋಧಿಸಿದರು. ಸರ್ಕಾರದ ಪರ ವಾದಿಸಬೇಕಾಗಿದ್ದ ಜೇಮ್ಸ್ ಓಟಿಸ್ ತಮ್ಮ ಸರ್ಕಾರಿ ವಕೀಲ ಹುದ್ದೆಗೆ ರಾಜೀನಾಮೆ ಕೊಟ್ಟು ವರ್ತಕರ ಪರ ನಿಂತರು. ಎದುರು ಪಕ್ಷದಲ್ಲಿ ನಿಂತ ಜೆರೆಮಾಯ ಗ್ರಿಡ್ಲಿ ಓಟಿಸರಿಗೆ ಕಾನೂನು ಕಲಿಸಿದ ಗುರು. 1761ರ ಫೆಬ್ರುವರಿಯಲ್ಲಿ ಬಾಸ್ಟನ್ನಿನ ಟೌನ್ ಹೌಸಿನ ಸಭಾಂಗಣದಲ್ಲಿ ಮುಖ್ಯ ನ್ಯಾಯಾಧೀಶ ಥಾಮಸ್ ಹಚಿನ್ಸನ್ ಅವರ ಮುಂದೆ ಓಟಿಸ್ ತಾಸುಗಟ್ಟಲೆ ವಾದಿಸಿದರು. ಅವರು ಕೊಟ್ಟ ಒಂದು ದೃಷ್ಟಾಂತ ಇಡೀ ವಾದದ ತಿರುಳನ್ನು ಹಿಡಿದಿಡುತ್ತದೆ: ವೇರ್ ಎಂಬ ಸುಂಕದ ಅಧಿಕಾರಿಯನ್ನು ಭಾನುವಾರದ ವಿರಾಮದ ಕಟ್ಟಳೆ ಮುರಿದ ಆರೋಪದಂಥ ಸಣ್ಣ ವಿಷಯಕ್ಕೆ ನ್ಯಾಯಾಧೀಶರೊಬ್ಬರು ಕಾನ್‌ಸ್ಟೇಬಲನ ಮೂಲಕ ಕರೆಸಿದ್ದರು. ವಿಚಾರಣೆ ಮುಗಿದೊಡನೆ ಆತ ತನ್ನಲ್ಲಿದ್ದ ಆಜ್ಞಾಪತ್ರವನ್ನು, ಅದೂ ಹಿಂದಿನ ಅಧಿಕಾರಿ ಬೆನ್ನಮೇಲೆ ಸಹಿ ಹಾಕಿ ದಾಟಿಸಿದ್ದನ್ನು, ತೋರಿಸಿ ಆ ನ್ಯಾಯಾಧೀಶರ ಮನೆಯನ್ನೂ ಕಾನ್‌ಸ್ಟೇಬಲನ ಮನೆಯನ್ನೂ ಅಟ್ಟದಿಂದ ನೆಲಮಾಳಿಗೆಯವರೆಗೆ ಜಾಲಾಡಿದ. ಅಧಿಕಾರಿಯ ಸಿಟ್ಟನ್ನೇ ಕಾನೂನನ್ನಾಗಿ ಮಾಡುವ ಪತ್ರ ಅದಾಗಿತ್ತು. ಶೋಧಿಸುವವನೇ ಯಾರನ್ನು, ಎಲ್ಲಿ, ಏಕೆ ಶೋಧಿಸಬೇಕೆಂದು ತೀರ್ಮಾನಿಸಿದರೆ ಪ್ರತಿಯೊಬ್ಬರ ಸ್ವಾತಂತ್ರ್ಯವೂ ಅವನ ಮರ್ಜಿಯಲ್ಲಿರುತ್ತದೆ ಎಂಬುದೇ ಓಟಿಸರ ವಾದವಾಗಿತ್ತು; ಮುಂದಿನ ಚರಿತ್ರೆಯುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತುವ ಪ್ರಶ್ನೆಯೂ ಇದೇ.

ಈ ವಾದದ ಹಿಂದೆ ಶುದ್ಧ ತತ್ತ್ವನಿಷ್ಠೆಯೊಂದೇ ಇತ್ತೆಂದು ಹೇಳಲಾಗದು. ತಮ್ಮ ತಂದೆಗೆ ಸಿಗಬಹುದೆಂದು ನಿರೀಕ್ಷಿಸಿದ್ದ ಮುಖ್ಯ ನ್ಯಾಯಾಧೀಶರ ಸ್ಥಾನ ಹಚಿನ್ಸನ್ ಪಾಲಾದದ್ದು ಓಟಿಸರ ಮನಸ್ಸಿನಲ್ಲಿ ಕುದಿಯುತ್ತಿತ್ತು. ಕಕ್ಷಿದಾರರಾದ ವರ್ತಕರಿಗೆ ತಮ್ಮ ಗೋದಾಮುಗಳ ಚಿಂತೆಯಿತ್ತು. ಆದರೂ ಸ್ವಹಿತದಿಂದ ಹುಟ್ಟಿದ ವಾದವೊಂದು ಸ್ವಹಿತವನ್ನು ಮೀರಿ ಬೆಳೆಯಬಲ್ಲದೆಂಬುದಕ್ಕೆ, ಆ ದಿನ ಸಭಾಂಗಣದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ಕುಳಿತಿದ್ದ 25ರ ತರುಣ ವಕೀಲ ಜಾನ್ ಆಡಮ್ಸ್ ಅವರ ಮುಂದಿನ ಬದುಕೇ ಸಾಕ್ಷಿ. ಮುಪ್ಪಿನಲ್ಲಿ ಅವರು ಅಮೆರಿಕದ ಸ್ವಾತಂತ್ರ್ಯ ಜನ್ಮ ತಾಳಿದ್ದು ಆ ವಾದದ ಹೊತ್ತಿನಲ್ಲೇ ಎಂದು ನೆನೆದರು. ಮೊಕದ್ದಮೆಯನ್ನು ಮಾತ್ರ ಓಟಿಸ್ ಸೋತರು; ಹಚಿನ್ಸನ್ ಲಂಡನ್ನಿನಿಂದ ವಿವರಣೆ ತರಿಸಿಕೊಂಡು ಅದೇ ವರ್ಷದ ನವೆಂಬರಿನಲ್ಲಿ ಆಜ್ಞಾಪತ್ರಗಳು ನ್ಯಾಯಬದ್ಧವೆಂದು ತೀರ್ಮಾನವಾಗುವಂತೆ ನೋಡಿಕೊಂಡರು. 1769ರಲ್ಲಿ ಸುಂಕದ ಆಯುಕ್ತರೊಬ್ಬರೊಡನೆ ನಡೆದ ಹೊಡೆದಾಟದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಓಟಿಸರ ಮನಸ್ಸು ಸ್ಥಿಮಿತ ಕಳೆದುಕೊಂಡಿತು. ತಾವು ಎತ್ತಿದ ಪ್ರಶ್ನೆ ಸಂವಿಧಾನದ ವಿಧಿಯಾಗುವುದನ್ನು ನೋಡಲು ಅವರು ಉಳಿಯಲಿಲ್ಲ. 1783ರಲ್ಲಿ ಸಿಡಿಲು ಬಡಿದು ತೀರಿಕೊಂಡರು.

ಇದೇ ವೇಳೆಗೆ ಇಂಗ್ಲೆಂಡಿನಲ್ಲೂ ಇಂಥದೇ ವ್ಯಾಜ್ಯ ಎದ್ದಿತು. ಪಾರ್ಲಿಮೆಂಟ್ ಸದಸ್ಯ ಜಾನ್ ವಿಲ್ಕ್ಸ್ ತಮ್ಮ ಪತ್ರಿಕೆಯ 45ನೆಯ ಸಂಚಿಕೆಯಲ್ಲಿ ದೊರೆಯ ಭಾಷಣವನ್ನು ಖಂಡಿಸಿದಾಗ, ಮಂತ್ರಿ ಹ್ಯಾಲಿಫ್ಯಾಕ್ಸ್ 1763ರಲ್ಲಿ ಹೆಸರೇ ಇಲ್ಲದ ವಾರಂಟು ಹೊರಡಿಸಿ ಬರೆದವರು, ಅಚ್ಚು ಹಾಕಿದವರು, ಮಾರಿದವರನ್ನೆಲ್ಲ ಹಿಡಿಸಿದರು. ವಿಲ್ಕ್ಸ್ ಮತ್ತು ಅಚ್ಚುಕೂಟದವರು ಹೂಡಿದ ದಾವೆಗಳಲ್ಲಿ ಜ್ಯೂರಿಗಳು ಭಾರಿ ಪರಿಹಾರ ಕೊಡಿಸಿದವು. ಮತ್ತೊಬ್ಬ ಲೇಖಕ ಜಾನ್ ಎಂಟಿಕ್ ಅವರ ಮೊಕದ್ದಮೆಯಲ್ಲಿ, 1765ರಲ್ಲಿ, ಲಾರ್ಡ್ ಕ್ಯಾಮ್ಡನ್ ಎನಿಸಿಕೊಂಡ ನ್ಯಾಯಾಧೀಶರು, ಶಾಸನದ ಬೆಂಬಲವಿಲ್ಲದೆ ಮನುಷ್ಯನ ಖಾಸಗಿ ಕಾಗದಗಳಿಗೆ ಕೈಹಾಕುವ ಅಧಿಕಾರ ರಾಜ್ಯಕ್ಕೆ ಅಗತ್ಯವೆಂಬ ನೆಪದಿಂದ ಹುಟ್ಟಲಾರದೆಂದು ತೀರ್ಪಿತ್ತರು. ವಸಾಹತುಗಳ ಪತ್ರಿಕೆಗಳು ಈ ಮೊಕದ್ದಮೆಗಳನ್ನು ಎಡೆಬಿಡದೆ ವರದಿ ಮಾಡಿದವು, ಪೆನ್ಸಿಲ್ವೇನಿಯದ ಒಂದು ಊರಿಗೆ ವಿಲ್ಕ್ಸ್ ಹೆಸರೂ ಅನೇಕ ಊರುಗಳಿಗೆ ಕ್ಯಾಮ್ಡನ್ ಹೆಸರೂ ಬಂದವು.

ಸ್ವಾತಂತ್ರ್ಯ ಘೋಷಣೆಗೂ ಮುಂಚೆಯೇ, 1776ರ ಜೂನ್ 12ರಂದು, ವರ್ಜೀನಿಯ ತನ್ನ ಹಕ್ಕುಗಳ ಘೋಷಣೆಯಲ್ಲಿ ಇಂಥ ಸಾರ್ವತ್ರಿಕ ವಾರಂಟುಗಳನ್ನು ಖಂಡಿಸಿತು. 1780ರ ಮ್ಯಾಸಚೂಸೆಟ್ಸ್ ಸಂವಿಧಾನದ 14ನೆಯ ವಿಧಿಯನ್ನು ಬರೆದವರು ಅದೇ ಜಾನ್ ಆಡಮ್ಸ್. ಆದರೆ 1787ರಲ್ಲಿ ಫಿಲಡೆಲ್ಫಿಯದಲ್ಲಿ ಸಿದ್ಧವಾದ ರಾಷ್ಟ್ರೀಯ ಸಂವಿಧಾನದಲ್ಲಿ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಹೊಸ ಸರ್ಕಾರದ ಅಬಕಾರಿ ಅಧಿಕಾರಿಗಳು ಮನೆಮನೆ ನುಗ್ಗಿಯಾರೆಂದು ಪ್ಯಾಟ್ರಿಕ್ ಹೆನ್ರಿ ವರ್ಜೀನಿಯದ ಅನುಮೋದನ ಸಭೆಯಲ್ಲಿ ಗುಡುಗಿದರು. ಇಂಥ ಅಳಲನ್ನು ಶಮನಗೊಳಿಸಲೆಂದೇ ಜೇಮ್ಸ್ ಮ್ಯಾಡಿಸನ್ 1789ರ ಜೂನ್ 8ರಂದು ಕಾಂಗ್ರೆಸ್ಸಿನ ಮುಂದೆ ತಿದ್ದುಪಡಿಗಳ ಕರಡು ಇಟ್ಟರು. ಅವರ ಮೊದಲ ಕರಡು ದೋಷಯುಕ್ತ ವಾರಂಟುಗಳನ್ನಷ್ಟೇ ಗುರಿಯಾಗಿಸಿಕೊಂಡಿತ್ತು. ಚರ್ಚೆಯ ನಡುವೆ ಅದು ಎರಡು ಭಾಗಗಳಾಗಿ ಒಡೆದು, ಎಲ್ಲ ಬಗೆಯ ನ್ಯಾಯಸಮ್ಮತವಲ್ಲದ ಶೋಧನೆಗಳಿಗೂ ಅನ್ವಯಿಸುವಷ್ಟು ಅಗಲವಾಯಿತು. ಅದೇ ವರ್ಷ ಅದೇ ಕಾಂಗ್ರೆಸ್ಸು ಅಂಗೀಕರಿಸಿದ ಸುಂಕ ವಸೂಲಿ ಕಾಯಿದೆಯಲ್ಲಿ ಹಡಗುಗಳನ್ನು ಅನುಮಾನದ ಮೇಲೆ ವಾರಂಟಿಲ್ಲದೆ ಶೋಧಿಸಬಹುದೆಂದೂ ಮನೆಗಳಿಗೆ ಮಾತ್ರ ವಾರಂಟು ಬೇಕೆಂದೂ ಇತ್ತು. ಆಡಳಿತ ನಡೆಸಬೇಕಾದವರಾಗಿ ಸ್ಥಾಪಕರು ಶೋಧನೆಯ ಅಧಿಕಾರವನ್ನೇ ನಿರಾಕರಿಸಿದವರಲ್ಲ. ಆ ಅಧಿಕಾರ ಯಾರ ಅಪ್ಪಣೆಯಿಂದ, ಯಾವ ಎಲ್ಲೆಯೊಳಗೆ ಎಂಬುದನ್ನು ಗೊತ್ತುಪಡಿಸಲು ಹೊರಟವರು.

ಈ ಎಲ್ಲೆ ಯಾರನ್ನು ಹೊರಗಿಟ್ಟಿತು ಎಂಬುದನ್ನೂ ಇಲ್ಲಿಯೇ ಹೇಳಬೇಕು. ವರ್ಜೀನಿಯದ ಘೋಷಣೆ ಬರೆದ ಜಾರ್ಜ್ ಮೇಸನ್ ಮತ್ತು ಮ್ಯಾಡಿಸನ್ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರು. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರ ಮೇಲಿನ ಪಹರೆ ದಳಗಳು ಯಾವ ವಾರಂಟೂ ಇಲ್ಲದೆ ರಾತ್ರಿ ಹೊತ್ತು ಅವರ ಗುಡಿಸಲುಗಳನ್ನು ಹೊಕ್ಕು ಶೋಧಿಸುವುದು ಕಾನೂನಿನ ಪ್ರಕಾರವೇ ನಡೆಯುತ್ತಿತ್ತು. 1850ರಲ್ಲಿ ಕಾಂಗ್ರೆಸ್ಸು ಮಾಡಿದ ಪಲಾಯಿತ ಗುಲಾಮರ ಕಾಯಿದೆಯು ತಪ್ಪಿಸಿಕೊಂಡು ಉತ್ತರಕ್ಕೆ ಬಂದವರನ್ನು ಹಿಡಿಯಲು ಅಧಿಕಾರಿಗಳಿಗೆ ನೆರವಾಗಬೇಕೆಂದು ಎಲ್ಲ ಪ್ರಜೆಗಳಿಗೂ ಆಜ್ಞಾಪಿಸಿತು. ಬಂಧಿತನ ಸ್ವಂತ ಸಾಕ್ಷ್ಯವನ್ನು ಅದು ನಿರಾಕರಿಸಿತು, ಆತನನ್ನು ಮರಳಿ ಗುಲಾಮಗಿರಿಗೆ ಕಳಿಸಿದರೆ ವಿಚಾರಣೆ ನಡೆಸಿದ ಕಮಿಷನರಿಗೆ 10 ಡಾಲರ್, ಬಿಟ್ಟರೆ 5 ಡಾಲರ್ ಶುಲ್ಕ ಗೊತ್ತುಮಾಡಿತು. ಸಹಾಯದ ಆಜ್ಞಾಪತ್ರದ ವಿರುದ್ಧ ದಂಗೆಯೆದ್ದ ಬಾಸ್ಟನ್ನಿನ ಬೀದಿಗಳಲ್ಲೇ 1854ರಲ್ಲಿ ಆ್ಯಂಟನಿ ಬರ್ನ್ಸ್ ಎಂಬ ತರುಣನನ್ನು ಸೈನ್ಯದ ಕಾವಲಿನಲ್ಲಿ ಹಡಗಿಗೆ ನಡೆಸಿಕೊಂಡು ಹೋದದ್ದು, ತತ್ತ್ವವೊಂದು ಕಾಗದದ ಮೇಲಿದ್ದ ಮಾತ್ರಕ್ಕೆ ಯಾರನ್ನೂ ಕಾಪಾಡುವುದಿಲ್ಲವೆಂಬುದಕ್ಕೆ ಅಮೆರಿಕದ ಚರಿತ್ರೆಯ ಅತ್ಯಂತ ನಾಚಿಕೆಗೇಡಿನ ಪುರಾವೆಗಳಲ್ಲೊಂದು. ಅಂತರ್ಯುದ್ಧದ ಬಳಿಕ, 1868ರಲ್ಲಿ, ಹದಿನಾಲ್ಕನೆಯ ತಿದ್ದುಪಡಿ ಬಂದು ರಾಜ್ಯ ಸರ್ಕಾರಗಳೂ ನ್ಯಾಯೋಚಿತ ವಿಧಾನವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಸೊತ್ತುಗಳನ್ನೂ ಕಸಿಯಕೂಡದೆಂದು ವಿಧಿಸುವವರೆಗೆ, ಹಕ್ಕುಗಳ ಮಸೂದೆ ಕೇಂದ್ರ ಸರ್ಕಾರವನ್ನಷ್ಟೇ ಕಟ್ಟಿಹಾಕಿತ್ತು.

ಮೊದಲ ನೂರು ವರ್ಷ ನಾಲ್ಕನೆಯ ತಿದ್ದುಪಡಿಗೆ ಕೋರ್ಟುಗಳಲ್ಲಿ ಹೆಚ್ಚು ಕೆಲಸವಿರಲಿಲ್ಲ. 1878ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಂಚೆಯಲ್ಲಿ ಹಾಕಿದ ಮುಚ್ಚಿದ ಲಕೋಟೆ ಕಳಿಸಿದವನ ಮನೆಯಲ್ಲೇ ಇದ್ದಷ್ಟು ಸುರಕ್ಷಿತವೆಂದಿತು. 1914ರಲ್ಲಿ, ವಾರಂಟಿಲ್ಲದೆ ವಶಪಡಿಸಿಕೊಂಡ ಕಾಗದಗಳನ್ನು ಕೇಂದ್ರದ ಕೋರ್ಟುಗಳಲ್ಲಿ ಸಾಕ್ಷ್ಯವಾಗಿ ಬಳಸಕೂಡದೆಂಬ ನಿಯಮವನ್ನು ರೂಪಿಸಿತು. ಅಕ್ರಮವಾಗಿ ದೊರೆತ ಸಾಕ್ಷ್ಯವನ್ನು ಹೊರಗಿಡುವ ಈ ನಿಯಮಕ್ಕೆ ಕಾನೂನಿನವರು ಬಹಿಷ್ಕರಣ ನಿಯಮ ಎನ್ನಬಹುದಾದ ಹೆಸರು ಕೊಟ್ಟಿದ್ದಾರೆ.

ತತ್ತ್ವಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಟೆಲಿಫೋನಿನ ತಂತಿಯಲ್ಲಿ. ಮದ್ಯಪಾನ ನಿಷೇಧದ ಕಾಲದಲ್ಲಿ ಸಿಯಾಟಲ್ ನಗರದ ಮಾಜಿ ಪೊಲೀಸ್ ಅಧಿಕಾರಿ ರಾಯ್ ಓಮ್‌ಸ್ಟೆಡ್ ಹಡಗು, ಗೋದಾಮು, ಗುಮಾಸ್ತರನ್ನೆಲ್ಲ ಇಟ್ಟುಕೊಂಡು ವರ್ಷಕ್ಕೆ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿ ಕಳ್ಳ ಹೆಂಡದ ವ್ಯಾಪಾರ ನಡೆಸುತ್ತಿದ್ದರು. ಕೇಂದ್ರದ ಅಧಿಕಾರಿಗಳು ಅವರ ಕಚೇರಿಯ ಕಟ್ಟಡದ ನೆಲಮಾಳಿಗೆಯಲ್ಲೂ ಮನೆಗಳ ಬಳಿಯ ಬೀದಿಯ ತಂತಿಗಳಲ್ಲೂ ಕದ್ದಾಲಿಸುವ ಎಳೆಗಳನ್ನು ಜೋಡಿಸಿ, ತಿಂಗಳುಗಟ್ಟಲೆ ಕೇಳಿಸಿಕೊಂಡದ್ದನ್ನು ಬೆರಳಚ್ಚಿನ 775 ಪುಟಗಳಲ್ಲಿ ದಾಖಲಿಸಿದರು. 1928ರಲ್ಲಿ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ಇದರಲ್ಲಿ ತಪ್ಪಿಲ್ಲವೆಂದಿತು. ಮುಖ್ಯ ನ್ಯಾಯಮೂರ್ತಿ ಟಾಫ್ಟ್ ಅವರ ತರ್ಕ ಸರಳವಾಗಿತ್ತು: ಯಾರೂ ಮನೆಯೊಳಗೆ ಕಾಲಿಡಲಿಲ್ಲ, ಯಾವ ವಸ್ತುವನ್ನೂ ಮುಟ್ಟಲಿಲ್ಲ, ಕಿವಿಯಿಂದ ಕೇಳಿದರು ಅಷ್ಟೆ, ಊರಾಚೆಗೆ ಹರಿದ ತಂತಿ ಮನೆಯ ಭಾಗವೂ ಅಲ್ಲ, ಮಾತು ಕಾಗದವೂ ಅಲ್ಲ.

ಭಿನ್ನ ತೀರ್ಪು ಬರೆದ ಲೂಯಿ ಬ್ರ್ಯಾಂಡೈಸ್, ಮೂವತ್ತೆಂಟು ವರ್ಷ ಹಿಂದೆಯೇ ಸ್ಯಾಮ್ಯುಯೆಲ್ ವಾರನ್ ಜೊತೆಗೂಡಿ ಖಾಸಗಿತನದ ಹಕ್ಕಿನ ಕುರಿತು ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಲೇಖನ ಬರೆದಿದ್ದವರು. ಸ್ಥಾಪಕರ ಕಾಲದಲ್ಲಿ ಸರ್ಕಾರಕ್ಕೆ ಗೊತ್ತಿದ್ದ ಸಾಧನಗಳೆಂದರೆ ಬಾಗಿಲು ಒಡೆಯುವುದು, ಚಿತ್ರಹಿಂಸೆ ಕೊಡುವುದು ಇಷ್ಟೇ. ಅವರು ತಮಗೆ ಗೊತ್ತಿದ್ದ ಕೇಡಿಗೆ ತಮಗೆ ಗೊತ್ತಿದ್ದ ಹೆಸರು ಕೊಟ್ಟರು. ಮುಂದೊಂದು ದಿನ ಬೀರುವಿನಿಂದ ಕಾಗದ ತೆಗೆಯದೆಯೇ ಅದರ ಒಕ್ಕಣೆಯನ್ನು ಕೋರ್ಟಿನ ಮುಂದೆ ಇಡುವ ವಿದ್ಯೆಯೂ ಸರ್ಕಾರದ ಕೈಸೇರಬಹುದು, ಆಗ ಈ ವಿಧಿ ಏನನ್ನು ಕಾಪಾಡೀತು ಎಂಬುದು ಅವರ ವಾದದ ಸಾರ. ಟಾಫ್ಟ್ ಮತ್ತು ಬ್ರ್ಯಾಂಡೈಸ್ ಇಬ್ಬರೂ ಸ್ಥಾಪಕರಿಗೆ ನಿಷ್ಠರಾಗಿರಲು ಬಯಸಿದವರೇ. ಒಬ್ಬರು ಸ್ಥಾಪಕರು ಹೆಸರಿಸಿದ ವಸ್ತುಗಳ ಪಟ್ಟಿಗೆ ನಿಷ್ಠರಾದರು, ಇನ್ನೊಬ್ಬರು ಆ ಪಟ್ಟಿಯನ್ನು ಬರೆಯಿಸಿದ ಕಾರಣಕ್ಕೆ. ಸ್ಥಾಪಕರ ತತ್ತ್ವವನ್ನು ಇಂದಿಗೆ ಅನ್ವಯಿಸುವ ಕುರಿತು ಅಮೆರಿಕದಲ್ಲಿ ನಡೆದಿರುವ ವಾದಗಳಲ್ಲಿ ಬಹಳಷ್ಟು ಈ ಎರಡು ನಿಷ್ಠೆಗಳ ನಡುವಿನವೇ ಆಗಿದ್ದು, ಚರಿತ್ರೆಯನ್ನು ನೋಡಿದರೆ ಬ್ರ್ಯಾಂಡೈಸರ ಪಕ್ಷವೇ ಓಟಿಸರ ವಾದಕ್ಕೆ ಹತ್ತಿರವೆನಿಸುತ್ತದೆ. ಏಕೆಂದರೆ ಓಟಿಸ್ ದೂರಿದ್ದು ಬಾಗಿಲು ಮುರಿದದ್ದನ್ನಷ್ಟೇ ಅಲ್ಲ, ಮುರಿಯುವವನಿಗೆ ಯಾರೂ ಲೆಕ್ಕ ಕೇಳದಿದ್ದುದನ್ನು.

1949ರಲ್ಲಿ ಕೋರ್ಟು ನಾಲ್ಕನೆಯ ತಿದ್ದುಪಡಿಯ ತಿರುಳು ರಾಜ್ಯಗಳಿಗೂ ಅನ್ವಯಿಸುತ್ತದೆಂದು ಒಪ್ಪಿದರೂ, ಬಹಿಷ್ಕರಣ ನಿಯಮವನ್ನು ಅವುಗಳ ಮೇಲೆ ಹೇರಲು ಹಿಂಜರಿಯಿತು. ಆ ತೀರ್ಪು ಬರೆದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಹೆಸರು ಭಾರತದ ಸಂವಿಧಾನದ ಚರಿತ್ರೆಯಲ್ಲೂ ಬರುತ್ತದೆ. ದಕ್ಷಿಣ ಕನ್ನಡದ ಬೆನೆಗಲ್ ಮನೆತನದ ಬಿ. ಎನ್. ರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ನ್ಯಾಯೋಚಿತ ವಿಧಾನವೆಂಬ ಅಮೆರಿಕದ ಪದಪುಂಜ ನ್ಯಾಯಾಧೀಶರಿಗೆ ಮಿತಿಮೀರಿದ ಅಧಿಕಾರ ಕೊಡುತ್ತದೆಂಬ ಅವರ ಅಭಿಪ್ರಾಯ ರಾವ್ ಅವರಿಗೆ ಒಪ್ಪಿಗೆಯಾಯಿತು, ನಮ್ಮ 21ನೆಯ ವಿಧಿಯಲ್ಲಿ ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬ ಮಾತು ಬಂತು. ಶೋಧನೆಯ ವಿರುದ್ಧದ ರಕ್ಷಣೆಯೂ ಸಂವಿಧಾನ ಸಭೆಯಲ್ಲಿ ಪ್ರಸ್ತಾಪವಾಗಿ, ಕೊನೆಗೆ ಸೇರದೆ ಉಳಿಯಿತು. ಅದನ್ನೇ ಆಧಾರವಾಗಿಟ್ಟುಕೊಂಡು ಭಾರತದ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ 1954ರಲ್ಲಿ, ಅಮೆರಿಕದ ನಾಲ್ಕನೆಯ ತಿದ್ದುಪಡಿಯಂಥದು ನಮ್ಮಲ್ಲಿಲ್ಲವೆಂದು ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಆ ನಿಲುವನ್ನು ಬದಲಿಸಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರುವಾಗ, ಅಮೆರಿಕದ ತೀರ್ಪುಗಳ ಇಡೀ ಸರಣಿಯನ್ನು ವಿಸ್ತಾರವಾಗಿ ಪರಿಶೀಲಿಸಿತು.

ಅಮೆರಿಕದಲ್ಲಿ ಮುಂದಿನ ತಿರುವು ಬಂದದ್ದು ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನ ಡಾಲ್ರೀ ಮ್ಯಾಪ್ ಎಂಬ ಕಪ್ಪು ಜನಾಂಗದ ಮಹಿಳೆಯ ಮನೆಯಿಂದ. 1957ರ ಮೇ ತಿಂಗಳಲ್ಲಿ ಬಾಂಬ್ ಸ್ಫೋಟದ ಶಂಕಿತನನ್ನು ಹುಡುಕುತ್ತ ಬಂದ ಪೊಲೀಸರನ್ನು ಆಕೆ ವಾರಂಟು ತನ್ನಿರೆಂದು ಹಿಂದಕ್ಕೆ ಕಳಿಸಿದರು. ತಾಸುಗಳ ಬಳಿಕ ಮರಳಿ ಬಂದು ಒಳನುಗ್ಗಿದ ಪೊಲೀಸರು ಒಂದು ಕಾಗದವನ್ನು ಎತ್ತಿ ತೋರಿಸಿದಾಗ ಆಕೆ ಅದನ್ನು ಕಿತ್ತುಕೊಂಡು ತಮ್ಮ ಉಡುಪಿನೊಳಗೆ ಸೇರಿಸಿದರು, ಪೊಲೀಸರು ಬಲವಂತವಾಗಿ ಅದನ್ನು ಮರಳಿ ಪಡೆದರು. ಮನೆಯಲ್ಲಿ ಸಿಕ್ಕ ಅಶ್ಲೀಲವೆನಿಸಿದ ಪುಸ್ತಕಗಳಿಗಾಗಿ ಆಕೆಗೆ ಸೆರೆವಾಸದ ಶಿಕ್ಷೆಯಾಯಿತು, ವಿಚಾರಣೆಯಲ್ಲಿ ಮಾತ್ರ ಯಾವ ವಾರಂಟೂ ಹಾಜರಾಗಲಿಲ್ಲ. 1961ರಲ್ಲಿ, ಓಟಿಸರ ವಾದಕ್ಕೆ ಸರಿಯಾಗಿ ಇನ್ನೂರು ವರ್ಷ ತುಂಬಿದಾಗ, ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಗೊಳಿಸಿ ಬಹಿಷ್ಕರಣ ನಿಯಮವನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಬಹುತೇಕ ಪೊಲೀಸ್ ಕೆಲಸ ನಡೆಯುವುದು ರಾಜ್ಯ ಮತ್ತು ನಗರಗಳ ಮಟ್ಟದಲ್ಲಾದ್ದರಿಂದ, ಜನಸಾಮಾನ್ಯರ ಪಾಲಿಗೆ ನಾಲ್ಕನೆಯ ತಿದ್ದುಪಡಿಗೆ ಜೀವ ಬಂದದ್ದು ಆಗಲೇ ಎಂದರೂ ತಪ್ಪಾಗದು.

1967ರಲ್ಲಿ ಟಾಫ್ಟ್ ಅವರ ತರ್ಕವೂ ಬಿದ್ದುಹೋಯಿತು. ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡಿನ ಟೆಲಿಫೋನ್ ಬೂತಿನಿಂದ ಜೂಜಿನ ಪಣದ ಮಾಹಿತಿ ರವಾನಿಸುತ್ತಿದ್ದ ಚಾರ್ಲ್ಸ್ ಕಾಟ್ಜ್ ಅವರ ಮಾತುಗಳನ್ನು ಎಫ್‌ಬಿಐ ಬೂತಿನ ಹೊರಮೈಗೆ ಅಂಟಿಸಿದ ಸಾಧನದಿಂದ ಧ್ವನಿಮುದ್ರಿಸಿಕೊಂಡಿತ್ತು. ಬಾಗಿಲು ಮುಚ್ಚಿಕೊಂಡು ನಾಣ್ಯ ಹಾಕಿ ಮಾತಾಡುವವನ ಮಾತಿಗೂ ರಕ್ಷಣೆಯುಂಟು, ತಿದ್ದುಪಡಿ ಕಾಯುವುದು ಸ್ಥಳವನ್ನಲ್ಲ, ಮನುಷ್ಯನನ್ನು ಎಂಬುದು ಬಹುಮತದ ನಿಲುವು. ಸಮಾಜ ಸಮಂಜಸವೆಂದು ಒಪ್ಪುವ ಖಾಸಗಿತನದ ನಿರೀಕ್ಷೆ ಎಂಬ ಅಳತೆಗೋಲನ್ನು ನ್ಯಾಯಮೂರ್ತಿ ಹಾರ್ಲನ್ ತಮ್ಮ ಸಹಮತದ ತೀರ್ಪಿನಲ್ಲಿ ಕೊಟ್ಟರು, ಮುಂದೆ ಕೋರ್ಟುಗಳು ಅದನ್ನೇ ಹೆಚ್ಚಾಗಿ ಬಳಸಿದವು. ಆದರೆ ಆ ತೀರ್ಪಿನ ಅತ್ಯಂತ ಮುಖ್ಯ ಭಾಗ ಬೇರೆಡೆ ಇದೆ. ಅಧಿಕಾರಿಗಳು ಬಹಳ ಸಂಯಮದಿಂದ, ಕಾಟ್ಜ್ ಮಾತಾಡುವ ಹೊತ್ತಿನಲ್ಲಷ್ಟೇ ಕೇಳಿಸಿಕೊಂಡಿದ್ದರೆಂದು ಕೋರ್ಟು ಒಪ್ಪಿತು. ಆದರೆ ಆ ಸಂಯಮವನ್ನು ವಿಧಿಸಿದವರು ಅಧಿಕಾರಿಗಳೇ ಹೊರತು ನ್ಯಾಯಾಧೀಶರಲ್ಲವಾದ್ದರಿಂದ ಅದು ಸಾಲದೆಂದಿತು. ಒಳ್ಳೆಯ ಅಧಿಕಾರಿಯೂ ಅಪ್ಪಣೆ ಪಡೆಯಬೇಕೆಂಬ ಈ ಮಾತು 1761ರ ವಾದದ ನೇರ ವಂಶದ್ದು.

ಮರುವರ್ಷವೇ ಹೆಜ್ಜೆ ಹಿಂದಕ್ಕೆ ಸರಿಯಿತು. ಅಪರಾಧದ ಸಮಂಜಸ ಅನುಮಾನವೂ ಆಯುಧವಿರಬಹುದೆಂಬ ಶಂಕೆಯೂ ಇದ್ದರೆ ಪೊಲೀಸನು ದಾರಿಹೋಕನನ್ನು ನಿಲ್ಲಿಸಿ ಮೈತಡವಬಹುದೆಂದು 1968ರ ತೀರ್ಪು ಒಪ್ಪಿತು, ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ. ಅಧಿಕಾರಿಯ ವಿವೇಚನೆಗೆ ಹೀಗೆ ತೆರೆದ ಕಿಂಡಿ ಎಷ್ಟು ಅಗಲವಾಯಿತೆಂದರೆ, 2011ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ಪೊಲೀಸರು ಸುಮಾರು 6,85,000 ಬಾರಿ ಜನರನ್ನು ಹೀಗೆ ನಿಲ್ಲಿಸಿದರು; ಅವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಜನ, ಬಹುಪಾಲು ನಿರಪರಾಧಿಗಳು. ನಗರದ ಈ ಕಾರ್ಯವಿಧಾನ ಸಂವಿಧಾನಬಾಹಿರವೆಂದು ಕೇಂದ್ರದ ಜಿಲ್ಲಾ ನ್ಯಾಯಾಧೀಶೆಯೊಬ್ಬರು ತೀರ್ಪಿತ್ತದ್ದು 2013ರಲ್ಲಿ. ಸ್ಥಾಪಕರು ಯಾರನ್ನು ಎಲ್ಲೆಯ ಹೊರಗಿಟ್ಟಿದ್ದರೋ ಅವರ ಮಕ್ಕಳ ಮಕ್ಕಳೇ ಈ ಬೀದಿಗಳಲ್ಲೂ ಮೊದಲು ಸಿಕ್ಕಿಬಿದ್ದರೆಂಬುದು ಕಾಕತಾಳೀಯವಲ್ಲ.

ಇನ್ನೊಂದು ಬಿರುಕು ಆಗ ಯಾರ ಗಮನಕ್ಕೂ ಬರದಷ್ಟು ಸಣ್ಣದಾಗಿತ್ತು. ಬ್ಯಾಂಕಿಗೆ ಕೊಟ್ಟ ಲೆಕ್ಕಪತ್ರಗಳ ಮೇಲೆ 1976ರಲ್ಲೂ, ಒಬ್ಬ ಸುಲಿಗೆಕೋರ ತಿರುಗಿಸಿದ ಫೋನ್ ನಂಬರುಗಳ ಮೇಲೆ 1979ರಲ್ಲೂ ಕೊಟ್ಟ ತೀರ್ಪುಗಳಲ್ಲಿ, ಮೂರನೆಯವರ ಕೈಗೆ ತಾನಾಗಿ ಕೊಟ್ಟ ಮಾಹಿತಿಗೆ ನಾಲ್ಕನೆಯ ತಿದ್ದುಪಡಿಯ ರಕ್ಷಣೆಯಿಲ್ಲವೆಂದು ಕೋರ್ಟು ಹೇಳಿತು. ಇದಕ್ಕೆ ಮೂರನೆಯವರ ಸಿದ್ಧಾಂತವೆಂದು ಹೆಸರು. ಫೋನ್ ಇಲ್ಲದೆ ಬದುಕಲಾಗದ ಕಾಲದಲ್ಲಿ ತಾನಾಗಿ ಕೊಟ್ಟದ್ದು ಎಂಬ ಮಾತಿಗೆ ಅರ್ಥವಿಲ್ಲವೆಂಬ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ಆಕ್ಷೇಪ ಅಲ್ಪಮತದಲ್ಲಿ ಉಳಿಯಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಬಂದ ಪೇಟ್ರಿಯಟ್ ಕಾಯಿದೆಯ 215ನೆಯ ಪ್ರಕರಣದ ಕೆಳಗೆ, ಯಾರು ಯಾರಿಗೆ ಯಾವಾಗ ಎಷ್ಟು ಹೊತ್ತು ಫೋನ್ ಮಾಡಿದರೆಂಬ ದಾಖಲೆಗಳನ್ನು ಸರ್ಕಾರ ಇಡೀ ದೇಶದ ಪ್ರಮಾಣದಲ್ಲಿ ಕೂಡಿಹಾಕಿತು. ಅದಕ್ಕೆ ಆಧಾರವಾಗಿ ತೋರಿಸಿದ್ದು ಆ ಸುಲಿಗೆಕೋರನ ಮೊಕದ್ದಮೆಯನ್ನು. ಸರ್ಕಾರದ ಗುಪ್ತಚರ ವಿಭಾಗದ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡನ್ ಹೊರಗೆಡವಿದ ಕಡತಗಳಿಂದ 2013ರ ಜೂನಿನಲ್ಲಿ ಇದು ಬಯಲಾದಾಗ, ಅದೇ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ರಿಚರ್ಡ್ ಲಿಯಾನ್, ಮ್ಯಾಡಿಸನ್ ಇದ್ದಿದ್ದರೆ ಇದನ್ನು ಕಂಡು ದಿಗ್ಭ್ರಮೆಗೊಳ್ಳುತ್ತಿದ್ದರೆಂಬ ಅರ್ಥದಲ್ಲಿ ಬರೆದರೆ, ನ್ಯೂಯಾರ್ಕಿನ ಇನ್ನೊಬ್ಬ ನ್ಯಾಯಾಧೀಶರು ಕೆಲವೇ ದಿನಗಳಲ್ಲಿ ಅದನ್ನೇ ಸಿಂಧುವೆಂದರು. 2015ರ ಜೂನ್ 2ರಂದು ಸಹಿಯಾದ ಕಾಯಿದೆಯಿಂದ ಆ ಸಾರಾಸಗಟು ಸಂಗ್ರಹ ನಿಂತಿತು.

ಸುಪ್ರೀಂ ಕೋರ್ಟು ಈ ಹೊಸ ಲೋಕವನ್ನು ಹಂತಹಂತವಾಗಿ ಎದುರುಗೊಂಡಿತು. 2001ರಲ್ಲಿ ಗೋಡೆಯಾಚೆಯ ಬಿಸಿಯನ್ನು ಅಳೆಯುವ ಸಾಧನವನ್ನು ಮನೆಯತ್ತ ತಿರುಗಿಸುವುದೂ ಶೋಧನೆಯೇ ಎಂದು ಬರೆದವರು, ಸ್ಥಾಪಕರ ಕಾಲದ ಅರ್ಥವನ್ನೇ ಪ್ರಮಾಣವಾಗಿ ಹಿಡಿಯುವ ಪಂಥದ ಮುಂದಾಳು ನ್ಯಾಯಮೂರ್ತಿ ಸ್ಕಾಲಿಯ. 2014ರಲ್ಲಿ ಬಂಧಿತನ ಜೇಬಿನ ಮೊಬೈಲ್ ಫೋನನ್ನು ವಾರಂಟಿಲ್ಲದೆ ನೋಡಕೂಡದೆಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಮನೆಯನ್ನೆಲ್ಲ ಜಾಲಾಡಿದರೂ ಸಿಗದಷ್ಟು ಫೋನಿನಲ್ಲಿ ಸಿಗುತ್ತದೆಂದು ವಿವರಿಸಿದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಓಟಿಸರ ವಾದವನ್ನೂ ಆಡಮ್ಸರ ನೆನಪನ್ನೂ ತೀರ್ಪಿನಲ್ಲೇ ತಂದರು. ನಾಲ್ಕು ವರ್ಷದ ಬಳಿಕ, 2018ರ ಜೂನ್ 22ರಂದು, ಕಾರ್ಪೆಂಟರ್ ಮೊಕದ್ದಮೆಯಲ್ಲಿ ಮೂರನೆಯವರ ಸಿದ್ಧಾಂತವೇ ಪರೀಕ್ಷೆಗೆ ಬಂತು. ಡೆಟ್ರಾಯಿಟ್ ಸುತ್ತಮುತ್ತಲ ಅಂಗಡಿ ದರೋಡೆಗಳ ಆರೋಪಿಯ ಫೋನ್ ಯಾವ ಟವರಿನ ವ್ಯಾಪ್ತಿಯಲ್ಲಿತ್ತೆಂಬ 127 ದಿನಗಳ ದಾಖಲೆಯನ್ನು, ಒಟ್ಟು 12,898 ಸ್ಥಳಬಿಂದುಗಳನ್ನು, ಸರ್ಕಾರ ವಾರಂಟಿಲ್ಲದೆ ಕಂಪನಿಯಿಂದ ಪಡೆದಿತ್ತು. ದಾಖಲೆ ಕಂಪನಿಯದಾದರೂ ಅದರಲ್ಲಿರುವುದು ಮನುಷ್ಯನೊಬ್ಬನ ಇಡೀ ಬದುಕಿನ ಜಾಡು, ಅದಕ್ಕೆ ವಾರಂಟು ಬೇಕೆಂದು ನಾಲ್ವರ ವಿರುದ್ಧ ಐವರ ಬಹುಮತ ತೀರ್ಮಾನಿಸಿತು. ಭಿನ್ನಮತದ ನ್ಯಾಯಮೂರ್ತಿ ಗೋರ್ಸಚ್ ಕೂಡ ಮಾಹಿತಿ ಅಸುರಕ್ಷಿತವಾಗಿರಲೆಂದು ಬಯಸಲಿಲ್ಲ. ನಿರೀಕ್ಷೆಯ ಅಳತೆಗೋಲನ್ನು ಬಿಟ್ಟು, ದಾಖಲೆಯಲ್ಲಿ ಆರೋಪಿಗೂ ಒಡೆತನವಿದೆಯೆಂದು ವಾದಿಸುವುದೇ ಸ್ಥಾಪಕರ ದಾರಿಯೆಂಬುದು ಅವರ ಅಭಿಪ್ರಾಯವಾಗಿತ್ತು. ಬಹುಮತದ ಈ ತೀರ್ಪಿನಿಂದ ಆರೋಪಿಗೆ ಬಿಡುಗಡೆಯೇನೂ ಸಿಗಲಿಲ್ಲ. ಅಧಿಕಾರಿಗಳು ಅಂದಿನ ಕಾನೂನನ್ನು ಸದ್ಭಾವನೆಯಿಂದ ನಂಬಿ ನಡೆದರೆಂಬ ಕಾರಣಕ್ಕೆ ಮೇಲ್ಮನವಿ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು.

ವಾರಂಟು ಕೈಯಲ್ಲಿದ್ದರೂ ಅದು ಹಳೆಯ ಆಜ್ಞಾಪತ್ರದ ರೂಪವನ್ನೇ ತಾಳಬಹುದೆಂಬ ಪ್ರಶ್ನೆ ಆಮೇಲೆ ಎದ್ದಿತು. ಅಪರಾಧ ನಡೆದ ಜಾಗದ ಸುತ್ತ ನಕ್ಷೆಯ ಮೇಲೊಂದು ಗೆರೆ ಎಳೆದು, ಆ ಹೊತ್ತಿನಲ್ಲಿ ಅದರೊಳಗಿದ್ದ ಎಲ್ಲ ಫೋನುಗಳ ಮಾಹಿತಿ ಕೊಡಬೇಕೆಂದು ಗೂಗಲ್‌ನಂಥ ಕಂಪನಿಗಳಿಗೆ ಆದೇಶಿಸುವ ವಾರಂಟುಗಳಲ್ಲಿ ಶಂಕಿತನ ಹೆಸರೇ ಇರುವುದಿಲ್ಲ, ಅವನನ್ನು ಹುಡುಕಲು ಕೋಟ್ಯಂತರ ಜನರ ದಾಖಲೆಯನ್ನು ಕಂಪನಿ ಜಾಲಾಡಬೇಕಾಗುತ್ತದೆ. ಇಂಥವು ಸ್ಥಾಪಕರು ನಿಷೇಧಿಸಿದ ಸಾರ್ವತ್ರಿಕ ವಾರಂಟುಗಳೇ ಎಂದು ಟೆಕ್ಸಸ್ ಮೊದಲಾದ ರಾಜ್ಯಗಳ ಮೇಲೆ ಅಧಿಕಾರವಿರುವ ಐದನೆಯ ವಲಯದ ಮೇಲ್ಮನವಿ ಕೋರ್ಟು 2024ರ ಆಗಸ್ಟಿನಲ್ಲಿ ತೀರ್ಪಿತ್ತರೂ, ಆ ಮೊಕದ್ದಮೆಯ ಸಾಕ್ಷ್ಯವನ್ನು ಸದ್ಭಾವನೆಯ ಆಧಾರದ ಮೇಲೆ ಉಳಿಸಿತು. ಇದಕ್ಕೂ ಸುಲಭವಾದ ಇನ್ನೊಂದು ದಾರಿಯಿದೆ: ಮೊಬೈಲ್ ಆ್ಯಪ್‌ಗಳಿಂದ ಸ್ಥಳದ ಮಾಹಿತಿ ಕಲೆಹಾಕಿ ಮಾರುವ ದಲ್ಲಾಳಿ ಕಂಪನಿಗಳಿಂದ ಸರ್ಕಾರದ ಇಲಾಖೆಗಳು ಹಣಕೊಟ್ಟು ಅದನ್ನು ಖರೀದಿಸುತ್ತವೆ; ನ್ಯಾಯಾಧೀಶರ ಬಳಿ ಹೋಗಿ ಪ್ರಮಾಣ ಮಾಡುವ, ಕಾರಣ ಹೇಳುವ ಪ್ರಮೇಯವೇ ಅಲ್ಲಿ ಬರುವುದಿಲ್ಲ. ಈ ಖರೀದಿಗೂ ಕೋರ್ಟಿನ ಆದೇಶ ಕಡ್ಡಾಯಗೊಳಿಸುವ ಮಸೂದೆಯನ್ನು ಅಮೆರಿಕದ ಪ್ರತಿನಿಧಿ ಸಭೆ 2024ರ ಏಪ್ರಿಲ್ 17ರಂದು 219 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ ಮತಗಳು 199. ಎರಡೂ ಕಡೆ ಎರಡೂ ಪಕ್ಷದವರಿದ್ದರು. ಸೆನೆಟ್ ಆ ಮಸೂದೆಯನ್ನು ಮತಕ್ಕೆ ಹಾಕಲಿಲ್ಲ, ಆ ಕಾಂಗ್ರೆಸ್ಸಿನ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು.